ಉಮ್ಮತ್ತೂರಿನಲ್ಲೊಂದು ದೋಣಿಯ ಯಂತ್ರ

ಉಮ್ಮತ್ತೂರಿಗೆ ಹೊರಗಿನವರು ಹೋಗುವುದು ಹೆಚ್ಚಾಗಿ ಶಾಸನಗಳಿಗಾಗಿ. ಲೂಯಿ ರೈಸರು ಮೈಸೂರು ಜಿಲ್ಲೆಯ ಶಾಸನಗಳನ್ನು 1894ರಲ್ಲಿ ಒಂದು, 1898ರಲ್ಲಿ ಇನ್ನೊಂದು ಸಂಪುಟವಾಗಿ ಅಚ್ಚು ಮಾಡಿಸಿದಂದಿನಿಂದ ಈ ಸೀಮೆಯ ಹೆಸರು ಪಂಡಿತರ ಬಾಯಲ್ಲಿ ಉಳಿದುಕೊಂಡು ಬಂದಿದೆ. ಎಂ.ಎ. ಓದುತ್ತಿದ್ದ ಕಾಲದಲ್ಲಿ ನಾನೂ ನೋಟುಬುಕ್ಕು ಹಿಡಿದು ಭುಜಂಗೇಶ್ವರನ ಗುಡಿಯನ್ನು ಸುತ್ತಿದವನೇ. ನನಗಾದರೆ ಅಲ್ಲಿಗೆ ಹೋಗಲು ಇನ್ನೊಂದು ಕಾರಣವೂ ಉಂಟು. ಅದು ನನ್ನ ತಾಯಿಯ ತವರೂರು. ಬೆಳಿಗ್ಗೆ ಶಾಸನ, ಮಧ್ಯಾಹ್ನ ಸೋದರಮಾವನ ಮನೆಯಲ್ಲಿ ಮುದ್ದೆ, ಸಂಜೆ ಹೊಲದ ಬದುವಿನ ಮೇಲೆ ನಿಂತು ಕೃಷ್ಣಮೃಗಗಳು ನೆಗೆಯುವುದನ್ನು ನೋಡುವುದು, ಇಷ್ಟು ಕಾರ್ಯಕ್ರಮ.

2023ರ ಬೇಸಗೆಯಲ್ಲಿ ಹೋದಾಗ ಈ ಕಾರ್ಯಕ್ರಮ ತಪ್ಪಿತು. ಮಾವನ ಕೊಟ್ಟಿಗೆಯಲ್ಲಿ, ಹುರುಳಿ ಹೊಟ್ಟು ತುಂಬಿದ ಕುಕ್ಕೆಗಳ ಹಿಂದೆ, ಗೋಣಿಚೀಲ ಹೊದ್ದು ಗೋಡೆಗೆ ಒರಗಿಕೊಂಡಿದ್ದ ಒಂದು ವಸ್ತುವನ್ನು ಅಂಗಳಕ್ಕೆ ಎಳೆದು ತಂದಿದ್ದರು. ಮೇಲೆ ಬಿಂದಿಗೆಯಂಥ ತಲೆ, ಅದರ ಕೆಳಗೆ ಉದ್ದನೆಯ ಒಂಟಿ ಕಾಲು, ಕಾಲಿನ ತುದಿಯಲ್ಲಿ ಮೂರು ಎಸಳಿನ ಹೂವಿನಂಥ ಚಕ್ರ. ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರು ಅದು. ಕಬಿನಿ ಹಿನ್ನೀರಿನಲ್ಲಿ ಮೀನು ಹಿಡಿಸುತ್ತಿದ್ದ ಸ್ನೇಹಿತರೊಬ್ಬರು ಕೊಡಬೇಕಾದ ಹಣಕ್ಕೆ ಬದಲಾಗಿ ಅದನ್ನು ಮಾವನಿಗೆ ಒಪ್ಪಿಸಿ ಇಪ್ಪತ್ತು ವರ್ಷವಾಗಿತ್ತು. ಆ ಇಪ್ಪತ್ತು ವರ್ಷವೂ ಅದು ನೀರು ಕಂಡಿರಲಿಲ್ಲ. ತಲೆಯ ಮೇಲಿದ್ದ ಕಂಪನಿಯ ಹೆಸರು ಬಿಸಿಲಿಗೋ ದನದ ಮೈಯುಜ್ಜಿಗೋ ಅಳಿಸಿಹೋಗಿತ್ತು.

ಹುರುಳಿ, ಜೋಳ ಬೆಳೆಯುವ ಬೆದ್ದಲು ಸೀಮೆಯಲ್ಲಿ ದೋಣಿಯ ಯಂತ್ರಕ್ಕೆ ಏನು ಕೆಲಸ ಎಂದು ಓದುಗರು ಕೇಳಬಹುದು. ನಾನೂ ಕೇಳಿದೆ. ಆದರೆ ಉಮ್ಮತ್ತೂರಿಗೂ ಹೊಳೆಗೂ ಸಂಬಂಧವೇ ಇಲ್ಲವೆಂದರೆ ಇತಿಹಾಸ ಒಪ್ಪುವುದಿಲ್ಲ. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಉಮ್ಮತ್ತೂರಿನ ಒಡೆಯರು ಈ ಭಾಗದಲ್ಲೆಲ್ಲ ತಲೆಯೆತ್ತಿ ನಿಂತಿದ್ದರು. ವಿಜಯನಗರದ ಅರಸರಿಗೇ ಸೇರಿದ ಪೆನುಗೊಂಡೆಯ ಮೇಲೆ ಹಕ್ಕು ಸಾಧಿಸುವಷ್ಟು ಅವರ ಧೈರ್ಯ ಬೆಳೆದಿತ್ತು. ಅವರ ಬಲವೆಲ್ಲ ಇದ್ದದ್ದು ಈ ಒಣನೆಲದಲ್ಲಲ್ಲ. ಕಾವೇರಿ ಎರಡಾಗಿ ಸೀಳಿ ಹರಿದು ನಡುವೆ ಬಿಟ್ಟ ಶಿವನಸಮುದ್ರದ ನಡುಗಡ್ಡೆಯಲ್ಲಿ. ಹೊಳೆಯೇ ಅವರ ಕೋಟೆಯ ಕಂದಕ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಮೊದಲ ವರ್ಷಗಳಲ್ಲೇ, 1510ರ ಆಸುಪಾಸಿನಲ್ಲಿ, ಈ ಗಂಗರಾಜನ ಮೇಲೆ ದಂಡೆತ್ತಿ ಬಂದು ಕೋಟೆಯನ್ನು ಮುತ್ತಿ ಹಿಡಿದ. ಸೋತು ಓಡಿದ ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತನೆಂದು ಇತಿಹಾಸಕಾರರು ಬರೆಯುತ್ತಾರೆ. ಕಾಪಾಡಿದ ನೀರೇ ಕೊನೆಗೆ ನುಂಗಿತು.

ತರಗತಿಯಲ್ಲಿ ಈ ಪ್ರಸಂಗವನ್ನು ಹೇಳುವಾಗಲೆಲ್ಲ ನನಗೆ ಒಂದು ವಿಚಾರ ಬರುವುದುಂಟು. ದಂಡು ಹೊಳೆ ದಾಟಬೇಕಾದರೆ ದಾಟಿಸುವವರು ಬೇಕು. ಸೇನಾನಿಯ ಹೆಸರು ಪುಸ್ತಕಕ್ಕೆ ಬರುತ್ತದೆ, ಅಂಬಿಗನ ಹೆಸರು ಬರುವುದಿಲ್ಲ. ಸಾಹಿತ್ಯದಲ್ಲಿಯಾದರೋ ನಮಗೆ 12ನೆಯ ಶತಮಾನದ ಅಂಬಿಗರ ಚೌಡಯ್ಯ ಇದ್ದಾನೆ. ಇತಿಹಾಸದಲ್ಲಿ ಅಂಥವನೊಬ್ಬ ಸಿಕ್ಕುವುದಿಲ್ಲ. ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಕಾಲದಲ್ಲೇ ವಿಜಯನಗರಕ್ಕೆ ಬಂದಿದ್ದವನು, ಅಲ್ಲಿ ಹೊಳೆ ದಾಟಿಸುತ್ತಿದ್ದ ಹರಿಗೋಲುಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ: ಬುಟ್ಟಿಯಂತೆ ಗುಂಡಗೆ ಹೆಣೆದು ಮೇಲೆ ಚರ್ಮ ಹೊದಿಸಿದವು, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತವೆ ಎಂದು. ಅದರೊಳಗೆ ನಿಂತು ಹುಟ್ಟು ಹಾಕುತ್ತಿದ್ದವನ ಹೆಸರನ್ನು ಅವನೂ ಕೇಳಲಿಲ್ಲ.

ಇರಲಿ. ಮೋಟಾರನ್ನು ಅಂಗಳಕ್ಕೆ ತರಿಸಿದ್ದವನು ಮಾವನ ಅಳಿಯ. ಅವನ ಊರು ಕೊಳ್ಳೇಗಾಲದ ಕಡೆ, ಹೊಳೆಯ ದಡದಲ್ಲಿ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕಾವೇರಿ ಉಕ್ಕಿ ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿ ಮೊದಲಾದ ಊರುಗಳಿಗೆ ನುಗ್ಗಿದ್ದು ಅನೇಕರಿಗೆ ನೆನಪಿರಬಹುದು. ಶಿವನಸಮುದ್ರದಲ್ಲಿ ರಾಮಸ್ವಾಮಿ ಮೊದಲಿಯಾರರು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ಕಲ್ಲುಕಂಬದ ಹಳೆಯ ಸೇತುವೆಯ ಒಂದು ಭಾಗ ಕೊಚ್ಚಿಹೋದದ್ದು 2018ರ ಆ ನೆರೆಯಲ್ಲೇ. ಅಳಿಯನ ಮನೆಯವರು ಎರಡು ವರ್ಷವೂ ಹೊರಗಿನಿಂದ ಬಂದ ದೋಣಿಗಳಲ್ಲಿ ಕುಳಿತು ಹೊರಬಂದರು. ಹಸುಗಳು ಮಾತ್ರ ಎದೆಯುದ್ದದ ನೀರಿನಲ್ಲಿ ನಿಂತವು, ಅದರಲ್ಲಿ ಒಂದು ಉಳಿಯಲಿಲ್ಲ. ಅಂದಿನಿಂದ ಅವನಿಗೆ ಒಂದೇ ಹಟ. ನೆರೆಯ ಸೆಳವಿಗೆ ಇಳಿಯುವ ಹುಚ್ಚು ಅವನಿಗಿರಲಿಲ್ಲ; ನೀರು ಏರುತ್ತಿದೆಯೆಂಬ ಸುದ್ದಿ ಬಂದ ದಿನವೇ ಮುದುಕರನ್ನೂ ಕರುಗಳನ್ನೂ ಮೂಟೆಗಳನ್ನೂ ಆಚೆ ಸಾಗಿಸುವಂತಾದರೆ ಸಾಕು ಎನ್ನುತ್ತಿದ್ದ. ಊರಿನ ಹುಡುಗರು ಸೇರಿ ಒಂದು ಹಳೆಯ ಫೈಬರ್ ದೋಣಿ ಕೊಂಡಿದ್ದರು. ಹರಿಗೋಲು ಊರಲ್ಲಿಯೇ ಇತ್ತಲ್ಲ ಎಂದು ನಾನು ಕೇಳಿದ್ದಕ್ಕೆ ಅವನು ನಕ್ಕು, "ಹರಿಗೋಲಿಗೆ ಹಿಂದು ಮುಂದು ಎಲ್ಲಿದೆ ಅಣ್ಣ, ಮೋಟಾರು ಕಟ್ಟುವುದೆಲ್ಲಿ?" ಎಂದ. ಕನ್ನಡ ಮೇಷ್ಟರಿಗೆ ಹೊಳೆಯದ ಮಾತು.

ಯಂತ್ರವನ್ನು ನೋಡಲು ಚಾಮರಾಜನಗರದಿಂದ ಒಬ್ಬ ಹಿರಿಯರನ್ನು ಕರೆತಂದಿದ್ದರು. ಎಲ್ಲರೂ ಅವರನ್ನು ಕರೆಯುವುದು ಆಚಾರ್ರು ಎಂದು. ತಂದೆ ಕುಲುಮೆ ನಡೆಸುತ್ತಿದ್ದವರು. ಇವರು ಹುಡುಗತನದಲ್ಲಿ ಮೈಸೂರಿಗೆ ಹೋಗಿ ಜಾವಾ ಬೈಕುಗಳ ರಿಪೇರಿ ಕಲಿತು ಬಂದವರು. ದೋಣಿಯ ಮೋಟಾರನ್ನು ಜೀವಮಾನದಲ್ಲಿ ಬಿಚ್ಚಿದವರಲ್ಲ. ಅದರ ತಲೆಯ ಮೇಲಿನ ಮುಚ್ಚಳ ತೆಗೆದು ಎರಡು ನಿಮಿಷ ನೋಡಿ, "ಸತ್ತಿಲ್ಲ ಬುಡಿ ಮೇಷ್ಟ್ರೇ, ಮಲಗ್ಬುಟ್ಟದ. ಇದು ನಮ್ಮ ಜಾವಾನ ತಮ್ಮ" ಎಂದರು.

ಈ ಮಾತು ನನಗೆ ಹಿಡಿಸಿತು. ಮೈಸೂರಿನ ಜಾವಾಕ್ಕೂ ಹೊಳೆಯ ಮೋಟಾರಿಗೂ ನಂಟು ಎಲ್ಲಿಯದು? ಜಾವಾ ಎಂದರೆ ಆ ಹೆಸರಿನ ದ್ವೀಪವಲ್ಲ. ಜೆಕೊಸ್ಲೊವಾಕಿಯದ ಯಾನೆಚೆಕ್ ಎಂಬ ಕಾರ್ಖಾನೆದಾರ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರುಸೈಕಲ್ಲಿನ ಕೆಲಸವನ್ನು ಕೊಂಡುಕೊಂಡು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು. ಮೈಸೂರಿನಲ್ಲಿ ಈ ಗಾಡಿ ತಯಾರಾಗತೊಡಗಿದ್ದು 1961ರಲ್ಲಿ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಮುಂದೆ ಅದೇ ಗಾಡಿ ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೂವತ್ತೈದು ವರ್ಷ ಮೈಸೂರು, ನಂಜನಗೂಡು, ಚಾಮರಾಜನಗರಗಳ ಬೀದಿಗಳಲ್ಲಿ ಆ ಗಾಡಿಯ ಶಬ್ದ ಕೇಳದೆ ಬೆಳಗಾಗುತ್ತಿರಲಿಲ್ಲ. ಕಿಕ್ ಹೊಡೆಯುವ ಕೋಲನ್ನೇ ಮುಂದಕ್ಕೆ ತಿರುಗಿಸಿ ಗೇರಿನ ಕೋಲಾಗಿ ಬಳಸುವ ಅದರ ಉಪಾಯವನ್ನು ನೋಡಿ ನಾವು ಹುಡುಗರು ಬೆರಗಾಗುತ್ತಿದ್ದೆವು. ಗಾಡಿ ಹೋಯಿತು, ಅದನ್ನು ಬಿಚ್ಚಿ ಜೋಡಿಸಿದ ಕೈಗಳು ಈ ಸೀಮೆಯ ಊರೂರಿನಲ್ಲಿ ಉಳಿದುಕೊಂಡವು. ನನ್ನ ಮಟ್ಟಿಗೆ ಆ ಕಾರ್ಖಾನೆಯ ದೊಡ್ಡ ಉತ್ಪನ್ನ ಅದೇ.

ಜಾವಾ ಎರಡು ಹೊಡೆತದ ಎಂಜಿನ್ನಿನ ಗಾಡಿ. ಕೊಟ್ಟಿಗೆಯ ಮೋಟಾರೂ ಎರಡು ಹೊಡೆತದ್ದೇ. ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ನು ಎರಡು ಸಲ ಮೇಲೆ, ಎರಡು ಸಲ ಕೆಳಗೆ ಹೋಗಿ ಬಂದ ಮೇಲೆ ಒಂದು ಸಲ ಪೆಟ್ರೋಲು ಉರಿಯುತ್ತದೆ. ಇದರಲ್ಲಿ ಹಾಗಲ್ಲ, ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಅಷ್ಟರಲ್ಲಿ ಒಂದು ಉರಿ. ನನಗೆ ಇದನ್ನು ತಿಳಿಸಲು ಆಚಾರ್ರು ಅಪ್ಪನ ಕುಲುಮೆಗೆ ಹೋದರು. "ತಿದಿ ನೋಡಿದ್ದೀರಲ್ಲ? ಅದೇ ಇದು. ಒಂದ್ ಕಡೆ ಎಳೀತದ, ಒಂದ್ ಕಡೆ ಊದ್ತದ." ಪಿಸ್ಟನ್ನು ಮೇಲೇರುವಾಗ ಅದರ ತಲೆಯ ಮೇಲೆ ಪೆಟ್ರೋಲು ಗಾಳಿ ಬೆರೆತದ್ದು ಒತ್ತಿಕೊಳ್ಳುತ್ತದೆ; ಅದೇ ಹೊತ್ತಿಗೆ ಅದರ ಕಾಲಡಿಯ ಪೆಟ್ಟಿಗೆಯೊಳಕ್ಕೆ ಹೊಸ ಗಾಳಿ ಪೆಟ್ರೋಲು ಎಳೆದುಕೊಳ್ಳುತ್ತದೆ. ಕಿಡಿ ಹಾರಿ ಪಿಸ್ಟನ್ನು ಕೆಳಗೆ ಬೀಳುವಾಗ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳು ಬಾಯಿ ಬಿಡುತ್ತವೆ. ಒಂದರಿಂದ ಹೊಗೆ ಹೊರಕ್ಕೆ, ಇನ್ನೊಂದರಿಂದ ಕಾಲಡಿಯ ಹೊಸ ಸರಕು ಮೇಲಕ್ಕೆ. ಕಿಂಡಿಗಳನ್ನು ತೆರೆದು ಮುಚ್ಚುವ ಬಾಗಿಲೂ ಪಿಸ್ಟನ್ನೇ. ಬೇರೆ ಕವಾಟಗಳಿಲ್ಲ, ಅವನ್ನು ಕುಣಿಸುವ ಸಲಾಕೆಗಳಿಲ್ಲ.

ತಿದಿಯ ಈ ಯುಕ್ತಿಯನ್ನು ಎಂಜಿನ್ನಿಗೆ ತಂದವರ ಕಥೆಯೂ ಅಂಬಿಗನ ಕಥೆಯಂತೆಯೇ. ಸ್ಕಾಟ್‌ಲೆಂಡಿನ ಡ್ಯೂಗಲ್ಡ್ ಕ್ಲರ್ಕ್ ಎಂಬುವರು 1881ರಲ್ಲಿ ಎರಡು ಹೊಡೆತದ ಎಂಜಿನ್ನಿಗೆ ಪೇಟೆಂಟು ಪಡೆದಿದ್ದರು. ಆದರೆ ಅದಕ್ಕೆ ಗಾಳಿ ತುಂಬಲು ಪಕ್ಕದಲ್ಲಿ ಇನ್ನೊಂದು ಪಂಪು ಬೇಕಿತ್ತು. ಪಿಸ್ಟನ್ನಿನ ಕಾಲಡಿಯನ್ನೇ ಪಂಪಾಗಿಸಿದವರು ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ. ಅವರ ಪೇಟೆಂಟು 1891ರದು. ಅದರಲ್ಲಿ ಇನ್ನೂ ಒಂದೆರಡು ಕವಾಟಗಳಿದ್ದವು. ಅವೂ ಬೇಡ, ಗೋಡೆಯಲ್ಲಿ ಮೂರನೆಯ ಕಿಂಡಿಯೊಂದನ್ನು ಕೊರೆದರೆ ಪಿಸ್ಟನ್ನಿನ ಅಂಚೇ ಅದನ್ನು ನೋಡಿಕೊಳ್ಳುತ್ತದೆ ಎಂದು ಮರುವರ್ಷ ತೋರಿಸಿದವನು ಡೇ ಅವರ ಕೈಕೆಳಗೆ ದುಡಿಯುತ್ತಿದ್ದ ಫ್ರೆಡರಿಕ್ ಕಾಕ್. ಲೋಕದ ಕೋಟ್ಯಂತರ ಸ್ಕೂಟರು, ಬೈಕು, ಮರ ಕೊಯ್ಯುವ ಗರಗಸ, ದೋಣಿಯ ಮೋಟಾರುಗಳು ಆ ಮೂರನೆಯ ಕಿಂಡಿಯಿಂದಲೇ ಉಸಿರಾಡಿದವು. ಡೇ ಹೆಸರನ್ನಾದರೂ ಎಂಜಿನಿಯರುಗಳು ಬಲ್ಲರು. ಕಾಕ್ ಹೆಸರು ಅಡಿಟಿಪ್ಪಣಿ ಓದುವವರಿಗೆ ಮಾತ್ರ ಗೊತ್ತು.

ಇಷ್ಟು ಸರಳವಾದ ಯಂತ್ರಕ್ಕೆ ಒಂದು ಶಾಪವುಂಟು. ಕಾಲಡಿಯ ಪೆಟ್ಟಿಗೆಯಲ್ಲಿ ಪೆಟ್ರೋಲು ಗಾಳಿ ಓಡಾಡುವುದರಿಂದ ಅಲ್ಲಿ ಬೇರೆ ಎಂಜಿನ್ನುಗಳಂತೆ ಎಣ್ಣೆ ತುಂಬಿಡಲಾಗದು. ಎಣ್ಣೆಯನ್ನು ಪೆಟ್ರೋಲಿಗೇ ಬೆರಸಿ ಕುಡಿಸಬೇಕು. ಎಣ್ಣೆ ಕಡಿಮೆಯಾದರೆ ಯಂತ್ರ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಹೊಗೆ. ಹಿಂದೆ ಪೆಟ್ರೋಲ್ ಬಂಕುಗಳಲ್ಲಿ ಹಿಡಿಕೆ ಒತ್ತಿ ಅಳತೆಯ ಎಣ್ಣೆ ಬಿಡುವ ಡಬ್ಬಗಳಿದ್ದದ್ದು ಇದಕ್ಕಾಗಿ. ಎರಡು ಕಿಂಡಿಗಳೂ ಒಟ್ಟಿಗೆ ತೆರೆದಿರುವ ಗಳಿಗೆಯಲ್ಲಿ ಹೊಸ ಪೆಟ್ರೋಲಿನ ಕಾಲು ಭಾಗಕ್ಕೂ ಮಿಕ್ಕಿ ಉರಿಯದೆ ಹೊಗೆಯ ಜೊತೆಗೇ ಹೊರಬಿದ್ದುಹೋಗುವುದೂ ಉಂಟು. ಪಟ್ಟಣಗಳ ಗಾಳಿ ಕೆಟ್ಟು, ಸರಕಾರದ ಹೊಗೆಯ ನಿಯಮಗಳು ಬಿಗಿಯಾಗಿ, ಎರಡು ಹೊಡೆತದ ಗಾಡಿಗಳು ರಸ್ತೆಯಿಂದ ಮರೆಯಾದದ್ದು ನ್ಯಾಯವೇ. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಅಂಗಡಿಗೆ ಬಂದಾಗ ಅದರೊಳಗಿದ್ದದ್ದು ನಾಲ್ಕು ಹೊಡೆತದ ಎಂಜಿನ್ನು. ಆಚಾರ್ರು ಅದನ್ನು ಗೌರವದಿಂದಲೇ ನೋಡುತ್ತಾರೆ, ಮುಟ್ಟುವುದಿಲ್ಲ.

ಕೆಲಸ ಮೊದಲಾಯಿತು. ಪ್ಲಗ್ಗು ಬಿಚ್ಚಿ ಆ ತೂತಿನೊಳಕ್ಕೆ ಡೀಸಲ್ಲಿಗೆ ಎಣ್ಣೆ ಬೆರಸಿ ಒಂದು ಲೋಟದ ಕಾಲು ಭಾಗ ಹೊಯ್ದರು. ಒಂದು ರಾತ್ರಿ ಬಿಟ್ಟರು. ಇಪ್ಪತ್ತು ವರ್ಷ ಒಂದೇ ಕಡೆ ನಿಂತ ಪಿಸ್ಟನ್ನಿನ ಬಳೆಗಳು ಗೋಡೆಗೆ ಕಚ್ಚಿಕೊಂಡಿರುತ್ತವೆ. ಬಲವಂತ ಮಾಡಿದರೆ ಮುರಿಯುತ್ತವೆ. ಮಾರನೆಯ ಬೆಳಿಗ್ಗೆ ಮೇಲಿನ ಗಾಲಿಯನ್ನು ಕೈಯಿಂದ ಅತ್ತ ಇಷ್ಟು, ಇತ್ತ ಇಷ್ಟು, ಬೀಸುಕಲ್ಲು ಅಲುಗಿಸುವಂತೆ ಅಲುಗಿಸುತ್ತ ಕುಳಿತರು. ಒಂದು ಗಂಟೆಯ ಮೇಲೆ ಅದು ಪೂರ್ತಿ ಸುತ್ತು ತಿರುಗಿತು. ನನ್ನ ಹೆಬ್ಬೆರಳನ್ನು ಪ್ಲಗ್ಗಿನ ತೂತಿಗೆ ಒತ್ತಿಸಿ ಗಾಲಿ ತಿರುಗಿಸಿದರು. ಬೆರಳು ಪುಸ್ಸೆಂದು ಹಾರಿತು. "ಉಸಿರು ಅದ" ಎಂದರು ಆಚಾರ್ರು.

ಉಸಿರಿನ ಮೇಲೆ ಕಿಡಿ. ಜಾವಾಕ್ಕೆ ಬ್ಯಾಟರಿಯಿಂದ ಕಿಡಿ, ಇದಕ್ಕೆ ಬ್ಯಾಟರಿಯಿಲ್ಲ. ಗಾಲಿಯ ಒಳಗೇ ಅಯಸ್ಕಾಂತ ಕೂರಿಸಿರುತ್ತಾರೆ. ಹಗ್ಗ ಎಳೆದು ಗಾಲಿ ತಿರುಗಿಸಿದರೆ ಅದೇ ವಿದ್ಯುತ್ತು ಹುಟ್ಟಿಸುತ್ತದೆ. ಪ್ಲಗ್ಗನ್ನು ಎಂಜಿನ್ನಿನ ಮೈಗೆ ತಾಗಿಸಿ ಹಿಡಿದು ಹಗ್ಗ ಎಳೆದರೆ ಏನೂ ಕಾಣಲಿಲ್ಲ. ಗಾಲಿ ಬಿಚ್ಚಿದಾಗ ಅದರ ಕೆಳಗೆ ಕಿಡಿಯ ಸಮಯವನ್ನು ಕಾಯುವ ಎರಡು ಪುಟ್ಟ ಪಾಯಿಂಟುಗಳ ಮೇಲೆ ಸುಣ್ಣ ಹೊಡೆದಂತೆ ಬಿಳಿಯ ಪೊರೆ. ಅದನ್ನು ನುಣ್ಣನೆಯ ಕಾಗದದಿಂದ ಉಜ್ಜಿ, ಸಂದನ್ನು ತೆಳುತಗಡಿನ ಗೇಜಿನಿಂದ ಅಳೆದು, ಹಳೆಯ ಸ್ಕೂಟರಿನ ಕಂಡೆನ್ಸರನ್ನು ಇದಕ್ಕೆ ಬೆಸೆದರು. ಸಂಜೆಗತ್ತಲಲ್ಲಿ ಮತ್ತೆ ಹಗ್ಗ ಎಳೆದಾಗ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಟಿಕ್ಕೆಂದಿತು. ಕೆಂಪು ಕಿಡಿಯಾದರೆ ದುರ್ಬಲ, ನೀಲಿಯಾದರೆ ಗಟ್ಟಿ ಎಂಬ ಪಾಠವಾಯಿತು.

ಮೂರನೆಯದು ಅನ್ನದ ದಾರಿ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಹಳೆಯ ಪೆಟ್ರೋಲು ಆರಿ ಹಲಸಿನ ಅಂಟಿನಂತಾಗಿತ್ತು. ಪೆಟ್ರೋಲು ಹಾದುಹೋಗುವ ಜೆಟ್ಟಿನ ತೂತು ಸಾಸಿವೆಗಿಂತ ಸಣ್ಣದು. ನಾನು ಸಹಾಯ ಮಾಡೋಣವೆಂದು ಒಂದು ಗುಂಡುಸೂಜಿ ತಂದುಕೊಟ್ಟೆ. ಆಚಾರ್ರು ಅದನ್ನು ನನ್ನ ಕೈಗೇ ಹಿಂದಿರುಗಿಸಿದರು. ಉಕ್ಕಿನ ಸೂಜಿ ತೂರಿಸಿದರೆ ತೂತು ಅಗಲವಾಗಿ ಯಂತ್ರ ಕುಡಿಯುವುದರ ಲೆಕ್ಕವೇ ತಪ್ಪುತ್ತದಂತೆ. ವಿದ್ಯುತ್ ತಂತಿಯೊಳಗಿನ ತಾಮ್ರದ ಒಂದೇ ಎಳೆಯನ್ನು ಬಿಡಿಸಿ ಅದರಿಂದ ಬಿಡಿಸಿದರು. ಈಗಿನ ಪೆಟ್ರೋಲಿಗೆ ಎಥನಾಲು ಬೆರಸುತ್ತಾರಲ್ಲ, ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಆದ್ದರಿಂದ ಪೆಟ್ರೋಲಿನ ಕೊಳವೆಗಳನ್ನೆಲ್ಲ ಹೊಸದಾಗಿ ಹಾಕಬೇಕಾಯಿತು. ಕೆಳಗಿನ ಗೇರಿನ ಪೆಟ್ಟಿಗೆಯ ತಿರುಪು ಬಿಚ್ಚಿದಾಗ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗೆ ಸುರಿಯಿತು. ಒಳಗೆ ನೀರು ಸೇರಿದ್ದರ ಗುರುತು. ಅದರ ಸೀಲೂ ಬದಲಾಯಿತು.

ಜಾವಾ ಕಲಿಸದ ಒಂದು ಭಾಗ ಇದರಲ್ಲಿತ್ತು. ಬೈಕಿಗೆ ಗಾಳಿ ಬಡಿದು ತಂಪಾಗುತ್ತದೆ. ಈ ಮೋಟಾರು ಹೊಳೆಯ ನೀರನ್ನೇ ಹೀರಿ ಮೈ ತಂಪು ಮಾಡಿಕೊಳ್ಳಬೇಕು. ಹೀರುವುದಕ್ಕೆ ಕಾಲಿನೊಳಗೆ ರಬ್ಬರಿನ ಪುಟ್ಟ ಚಕ್ರವೊಂದು ಉಂಟು. ಅದು ಒಣಗಿ ಕಟ್ಟಿಗೆಯಾಗಿತ್ತು. ಮೈಸೂರಿನ ಅಂಗಡಿಗಳಲ್ಲಿ ಕೇಳಿದರೆ ಹೊಸಬನನ್ನು ನೋಡಿದಂತೆ ನೋಡಿದರು. ಕೊನೆಗೆ ಮಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಅಳತೆ, ಚಿತ್ರ ಕಳಿಸಿದೆ. ಅವನು ಬಂದರಿನ ಅಂಗಡಿಯಲ್ಲಿ ಹುಡುಕಿ ನಾಲ್ಕನೆಯ ದಿನ ಕೊರಿಯರಿನಲ್ಲಿ ಕಳಿಸಿದ. ಘಟ್ಟದ ಮೇಲೆ ಯಾರೂ ಕಂಡಿರದ ವಸ್ತು ಘಟ್ಟದ ಕೆಳಗೆ ಅಂಗಡಿಯ ಗೋಡೆಯ ಮೇಲೆ ಮಾಲೆಯಾಗಿ ತೂಗುತ್ತಿದ್ದಿತಂತೆ.

ಅದು ಆಶ್ಚರ್ಯವಲ್ಲ. ನಾರ್ವೆ ದೇಶದ ನೆರವಿನಿಂದ 1952ರಲ್ಲಿ ಒಪ್ಪಂದವಾಗಿ ಮರುವರ್ಷ ಕೇರಳದ ನೀಂಡಕರೆಯಲ್ಲಿ ಮೊದಲಾದ ಮೀನುಗಾರಿಕೆಯ ಯೋಜನೆ 1963ರಲ್ಲಿ ಕಾರವಾರಕ್ಕೂ ಬಂದಿತು. ಅದು ತಂದದ್ದು ದೋಣಿಯ ಹೊಟ್ಟೆಯೊಳಗಿಡುವ ಡೀಸಲ್ ಎಂಜಿನ್ನುಗಳನ್ನು. ಎಪ್ಪತ್ತರ ದಶಕದ ಕೊನೆಯಲ್ಲಿ ದೊಡ್ಡ ಯಾಂತ್ರಿಕ ಬಲೆಗಳು ಬಂದು, ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆಗಳು ಮೂಲೆ ಸೇರಿದವು. ಹುಟ್ಟು ಹಾಕಿಕೊಂಡು ಹೋಗುತ್ತಿದ್ದ ನಾಡದೋಣಿಯವರು ಉಳಿಯಬೇಕಾದರೆ ಅವರೂ ದೂರ ಹೋಗಬೇಕು. ಹಿಂಬದಿಗೆ ಸಿಕ್ಕಿಸುವ ಎರಡು ಹೊಡೆತದ ಮೋಟಾರು ಅವರ ಕೈಗೆ ಬಂದದ್ದು ಹೀಗೆ, ಎಂಬತ್ತರ ದಶಕದಲ್ಲಿ. ಪೆಟ್ರೋಲಿನಲ್ಲಿ ಹೊತ್ತಿಸಿ, ಕಾವೇರಿದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ಅಲ್ಲಿಯ ಪದ್ಧತಿ. ಅವರ ಬದುಕು ಸರಕಾರ ರಿಯಾಯಿತಿಯಲ್ಲಿ ಕೊಡುವ ಸೀಮೆಎಣ್ಣೆಗೆ ಕಟ್ಟಿಬಿದ್ದದ್ದು, ಅದು ತಡವಾದಾಗಲೆಲ್ಲ ದೋಣಿಗಳು ಮರಳಿನ ಮೇಲೆ ಕುಳಿತದ್ದು ಪತ್ರಿಕೆ ಓದುವವರಿಗೆ ಹೊಸ ಸುದ್ದಿಯಲ್ಲ. ಯಂತ್ರವನ್ನು ಹೊಗಳುವಾಗ ಈ ಇನ್ನೊಂದು ಲೆಕ್ಕವನ್ನೂ ಬರೆದಿಡಬೇಕು.

ಇಂಥ ಮೋಟಾರನ್ನು ಮೊದಲು ದೋಣಿಗೆ ಕಟ್ಟಿದವನು ಪ್ಯಾರಿಸಿನ ಗುಸ್ತಾವ್ ತ್ರೂವೆ. 1881ರಲ್ಲಿ ಸೀನ್ ನದಿಯಲ್ಲಿ ಅವನು ಓಡಿಸಿದ್ದು ವಿದ್ಯುತ್ತಿನ ಮೋಟಾರನ್ನು. ಪೆಟ್ರೋಲಿನದನ್ನು ಅಮೆರಿಕದ ಕ್ಯಾಮರನ್ ವಾಟರ್‌ಮನ್ 1905ರ ಸುಮಾರಿಗೆ ಮಾಡಿದ. ಮೋಟಾರುಸೈಕಲ್ಲಿನ ಎಂಜಿನ್ನನ್ನು ಕುರ್ಚಿಯ ಬೆನ್ನಿಗೆ ತೂಗಿಹಾಕಿ ಒರೆಸುತ್ತಿದ್ದಾಗ ಆ ಕುರ್ಚಿಯೇ ದೋಣಿಯಾಗಿ ಕಂಡಿತಂತೆ. ಬೈಕಿನ ತಮ್ಮ ಎಂದು ಆಚಾರ್ರು ಹೇಳಿದ್ದು ಅಕ್ಷರಶಃ ನಿಜವಾಯಿತು. ಆದರೆ ಅದನ್ನು ಮನೆಮಾತಾಗಿಸಿದವರು ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಬೆಳೆದ ಓಲೆ ಎವಿನ್‌ರೂಡ್. ಸೆಕೆಯ ದಿನ ಸರೋವರದ ಆಚೆಯಿಂದ ಐಸ್‌ಕ್ರೀಮು ತರುವೆನೆಂದು ತನ್ನ ಹುಡುಗಿ ಬೆಸ್ಸಿಗಾಗಿ ಹುಟ್ಟು ಹಾಕಿಕೊಂಡು ಹೋಗಿ ಬರುವಷ್ಟರಲ್ಲಿ ಅದು ಕರಗಿಹೋಯಿತೆಂಬುದು ಪ್ರಸಿದ್ಧ ಕಥೆ. 1909ರಲ್ಲಿ ಅವರು ಮಾರಾಟಕ್ಕಿಟ್ಟ ಮೋಟಾರಿನ ಬಲ ಒಂದೂವರೆ ಅಶ್ವಶಕ್ತಿ, ತೂಕ 62 ಪೌಂಡು, ಬೆಲೆಯೂ 62 ಡಾಲರು. ವ್ಯವಹಾರವನ್ನೂ ಜಾಹೀರಾತನ್ನೂ ನೋಡಿಕೊಂಡವಳು ಬೆಸ್. ಹುಟ್ಟುಗಳನ್ನು ಎಸೆದುಬಿಡಿ ಎಂದು ಆಕೆ ಲೋಕಕ್ಕೆ ಸಾರಿದಳು. ಈ ಮಾತನ್ನು ಮುಂದಿನ ಪ್ರಸಂಗಕ್ಕಾಗಿ ಓದುಗರು ನೆನಪಿನಲ್ಲಿಡಬೇಕು.

ಹೊತ್ತಿಸುವ ದಿನ ಬಂತು. ನೀರಿಲ್ಲದೆ ಓಡಿಸಿದರೆ ಹೊಸ ರಬ್ಬರು ನಿಮಿಷದೊಳಗೆ ಸುಟ್ಟುಹೋಗುತ್ತದೆ. ಆದ್ದರಿಂದ ಇನ್ನೂರು ಲೀಟರಿನ ಪೀಪಾಯಿಗೆ ಬೋರ್‌ವೆಲ್ಲಿನ ನೀರು ತುಂಬಿ, ಗಟ್ಟಿ ಹಲಗೆಗೆ ಮೋಟಾರನ್ನು ಬಿಗಿದು, ಕಾಲನ್ನು ಅದರೊಳಗೆ ಮುಳುಗಿಸಿದರು. ಲೀಟರಿಗೆ 40 ಮಿಲಿಲೀಟರಿನಂತೆ ಎಣ್ಣೆ ಬೆರಸಿದ್ದಾಯಿತು. ಊರಿನ ಮಕ್ಕಳೆಲ್ಲ ಜಗುಲಿಯ ಮೇಲೆ. ಅಳಿಯ ಹಗ್ಗ ಎಳೆದ, ಏನಿಲ್ಲ. ಹತ್ತು ಸಲ ಎಳೆದ, ಏನಿಲ್ಲ. ಪೆಟ್ರೋಲು ಹೆಚ್ಚಾಗಿ ಪ್ಲಗ್ಗು ತೊಯ್ದಿತ್ತು. ಅದನ್ನು ಬಿಚ್ಚಿ ಒರೆಸಿ, ಒಂದಿಷ್ಟು ಹೊತ್ತು ಬಿಸಿಲಿಗಿಟ್ಟು ಮತ್ತೆ ಹಾಕಿದರು. ಮಾವ ಒಳಗೆ ಹೋಗಿ ಊದಿನಕಡ್ಡಿ ಹಚ್ಚಿಕೊಂಡು ಬಂದರು. ಪೆಟ್ರೋಲಿನ ಹತ್ತಿರ ಬೆಂಕಿ ತರಬೇಡಿರೆಂದು ಎಲ್ಲರೂ ಒಟ್ಟಿಗೆ ಕೂಗಿದೆವು. ಆ ಗಲಾಟೆಯ ನಡುವೆ ಹದಿನೇಳನೆಯದೋ ಹದಿನೆಂಟನೆಯದೋ ಎಳೆತಕ್ಕೆ ಯಂತ್ರ ಫಟ್ಟೆಂದಿತು, ಕೆಮ್ಮಿತು, ಆಮೇಲೆ ಹಿಡಿದುಕೊಂಡಿತು. ಪೀಪಾಯಿ ಕುದಿಯುವ ಹಂಡೆಯಂತೆ ಉಕ್ಕಿತು. ಕೊಟ್ಟಿಗೆಯ ಹಸುಗಳು ಕಣ್ಣಿ ಜಗ್ಗಿದವು. ನೀಲಿ ಹೊಗೆ ಅಂಗಳ ತುಂಬಿತು, ಮೋಟಾರಿನ ಪಕ್ಕದ ತೂತಿನಿಂದ ಪಿಚಕಾರಿಯಂತೆ ನೀರಿನ ಎಳೆಯೊಂದು ಚಿಮ್ಮಿತು. ನೀರು ಮೇಲಕ್ಕೆ ಹೋಗುತ್ತಿದೆಯೆಂಬುದಕ್ಕೆ ಅದೇ ಸಾಕ್ಷಿ. ಆಚಾರ್ರು ಆ ನೀರಿಗೆ ಬೆರಳು ಹಿಡಿದು ಸುಮ್ಮನೆ ನಿಂತಿದ್ದರು.

ಎರಡು ನಿಮಿಷಕ್ಕೆ ಯಂತ್ರ ನಿಂತುಹೋಯಿತು. ನಮ್ಮ ಮುಖಗಳೆಲ್ಲ ಇಳಿದವು. ಆಚಾರ್ರು ಪೆಟ್ರೋಲ್ ಡಬ್ಬದ ಮುಚ್ಚಳದ ಮೇಲಿದ್ದ ಪುಟ್ಟ ತಿರುಪನ್ನು ಸಡಿಲಿಸಿದರು. ಗಾಳಿ ಒಳಹೋಗದೆ ಪೆಟ್ರೋಲು ಕೆಳಗಿಳಿದಿರಲಿಲ್ಲ, ಅಷ್ಟೆ. ಮುಂದಿನ ಎರಡನೆಯ ಎಳೆತಕ್ಕೇ ಹೊತ್ತಿತು.

ಜೂನ್ ಮೊದಲಲ್ಲಿ, ಮಳೆ ಹಿಡಿಯುವ ಮುನ್ನ, ಕೊಳ್ಳೇಗಾಲದ ಕಡೆ ಹೊಳೆಗೆ ಒಯ್ದೆವು. ನೀರು ಕಡಿಮೆ, ಬಂಡೆಗಳು ಬೆನ್ನು ತೋರಿಸುತ್ತಿದ್ದವು. ದೋಣಿ ಹತ್ತುವಾಗ ಆಚಾರ್ರು, "ಹುಟ್ಟು ಮಡಗಿದ್ದೀರಾ?" ಎಂದು ಕೇಳಿದರು. ಅಳಿಯ ಮೋಟಾರಿರುವಾಗ ಹುಟ್ಟೇಕೆಂದು ನಕ್ಕ. ಆಚಾರ್ರು ನಗಲಿಲ್ಲ, ದಡದ ಹರಿಗೋಲಿನವನ ಹತ್ತಿರ ಒಂದನ್ನು ಎರವಲು ತಂದರು. ಹೊಳೆಯ ಎದುರಿಗೆ ಮೇಲ್ಮುಖವಾಗಿ ದೋಣಿ ಹತ್ತಿದಾಗ ಅಳಿಯನ ಮುಖವನ್ನು ನೋಡಬೇಕಾಗಿತ್ತು. ಅವನು ದಡದ ಮನೆಗಳನ್ನು ಎಣಿಸುತ್ತಿದ್ದ. ಯಾವ ಮನೆಯಿಂದ ಯಾರನ್ನು ಮೊದಲು ಎಂದು.

ಅರ್ಧ ಮೈಲಿ ಹೋಗಿರಬಹುದು. ಅಡಿಯಲ್ಲೆಲ್ಲೋ ಖಟ್ಟೆಂದು ಸದ್ದಾಯಿತು. ಮರುಕ್ಷಣ ಮೋಟಾರು ಗಂಟಲು ಹರಿಯುವಂತೆ ಕಿರುಚಿತು, ದೋಣಿ ಮಾತ್ರ ಹಿಂದಕ್ಕೆ ಜಾರತೊಡಗಿತು. ಕಾಲಿನ ಚಕ್ರವನ್ನೂ ಅದರ ಅಕ್ಷವನ್ನೂ ಒಂದು ಮೆತ್ತನೆಯ ಲೋಹದ ಪಿನ್ನು ಹಿಡಿದಿರುತ್ತದೆ. ಚಕ್ರ ಬಂಡೆಗೆ ಬಡಿದರೆ ಒಳಗಿನ ಗೇರುಗಳು ಒಡೆಯದಿರಲೆಂದು ಅದು ತಾನು ಮುರಿದುಕೊಳ್ಳುತ್ತದೆ. ಮುರಿಯುವುದೇ ಅದರ ಕೆಲಸ. ಇಂಥ ಪಿನ್ನುಗಳನ್ನು ಆಚಾರ್ರು ನಾಲ್ಕು ಮಾಡಿ, ಜೋಪಾನವಾಗಿಡಿ ಮೇಷ್ಟ್ರೇ ಎಂದು ನನ್ನ ಕೈಗೆ ಕೊಟ್ಟಿದ್ದರು. ಅವು ಉಮ್ಮತ್ತೂರಿನಲ್ಲಿ, ಮಾವನ ಮನೆಯ ಗೂಟಕ್ಕೆ ತೂಗುಹಾಕಿದ್ದ ನನ್ನ ಜುಬ್ಬದ ಜೇಬಿನಲ್ಲಿದ್ದವು.

ಆಚಾರ್ರು ನನ್ನನ್ನು ಒಮ್ಮೆ ನೋಡಿ ಹುಟ್ಟನ್ನು ಕೈಗೆ ತೆಗೆದುಕೊಂಡರು. ಅಳಿಯ ಅದನ್ನು ಅವರಿಂದ ಇಸಿದುಕೊಂಡು ಹಾಕತೊಡಗಿದ. ಎರವಲು ಕೊಟ್ಟ ಹರಿಗೋಲಿನವನು ದಡದಲ್ಲೇ ಕುಂತು ನಮ್ಮ ದಾರಿ ಕಾಯುತ್ತಿದ್ದ. ಅವನ ಹೆಸರನ್ನು ನಾನು ಆಗ ಕೇಳಿಕೊಂಡೆ.

ಮೋಟಾರು ಈಗ ಅಳಿಯನ ಮನೆಯಲ್ಲಿದೆ. ಪಿನ್ನುಗಳನ್ನು ದಾರದಲ್ಲಿ ಪೋಣಿಸಿ ಅದರ ಹಿಡಿಕೆಗೇ ಕಟ್ಟಿದ್ದಾನೆ, ಹುಟ್ಟು ದೋಣಿಯಲ್ಲೇ ಇರುತ್ತದೆ. ತಿಂಗಳಿಗೊಮ್ಮೆ ಪೀಪಾಯಿಯಲ್ಲಿ ಹತ್ತು ನಿಮಿಷ ಓಡಿಸಿ, ಕೊನೆಗೆ ಪೆಟ್ರೋಲಿನ ನಲ್ಲಿ ಮುಚ್ಚಿ ಬಟ್ಟಲು ಬರಿದಾಗುವವರೆಗೂ ಬಿಡುತ್ತಾನೆ. ಉಮ್ಮತ್ತೂರಿನ ಕೊಟ್ಟಿಗೆಯಲ್ಲಿ ಅದು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಕರಿಯ ಎಣ್ಣೆಯ ಕಲೆಯೊಂದು ಉಳಿದಿದೆ. ಅತ್ತೆ ಅದರ ಮೇಲೆ ಹುರುಳಿ ಹೊಟ್ಟಿನ ಕುಕ್ಕೆಯನ್ನು ಇಟ್ಟಿದ್ದಾರೆ.